ಅಲ್ಲಿ ಕಲಿತದ್ದು ಇಲ್ಲಿ ಸಲ್ಲುವುದೇ?

ಪರದೇಶದಲ್ಲಿ ಕಲಿತ ಪಾಠಕ್ಕೆ ತಾಯ್ನಾಡಿನಲ್ಲಿ ಬೆಲೆಯುಂಟೇ? ಸೋಫಿಯಾ ಕೊರ್ರಾದಿ ಎಂಬ ಇಟಲಿಯ ವಿದ್ಯಾರ್ಥಿನಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮಿಗೆ ಮರಳಿದರು. ಅಲ್ಲಿನ ವಿಶ್ವವಿದ್ಯಾಲಯ ಆ ವ್ಯಾಸಂಗವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಅವಮಾನವನ್ನು ನುಂಗಿ ಕೂರದೆ ಅವರು ಹಲವು ವರ್ಷ ಶ್ರಮಿಸಿದರು. 1987ರಲ್ಲಿ ಯೂರೋಪಿನಲ್ಲಿ ‘ಎರಾಸ್ಮಸ್’ ಯೋಜನೆ ಹುಟ್ಟಿತು. ಈಗ ಆ ಯೋಜನೆಯಂತೆ ವಿದ್ಯಾರ್ಥಿಯು ಹೊರನಾಡಿನಲ್ಲಿ ಓದಲಿರುವ ಪಾಠಗಳನ್ನು ಎರಡೂ ವಿಶ್ವವಿದ್ಯಾಲಯಗಳು ಮುಂಚಿತವಾಗಿಯೇ ಬರಹದಲ್ಲಿ ಒಪ್ಪುತ್ತವೆ. ಪೂರ್ಣ ವರ್ಷದ ವ್ಯಾಸಂಗಕ್ಕೆ 60 ಕ್ರೆಡಿಟ್‌ಗಳೆಂಬ ಸಮಾನ ಅಳತೆಯುಂಟು.

ನಮ್ಮ ಮಕ್ಕಳು ಹೊರನಾಡಿಗೆ ಹೊರಟಾಗ ವಿಶ್ವವಿದ್ಯಾಲಯದ ಕೀರ್ತಿಯನ್ನಷ್ಟೇ ವಿಚಾರಿಸುತ್ತೇವೆ. ಆಯ್ದ ಪಾಠ ಮರಳಿದ ಮೇಲೂ ಸಲ್ಲುವುದೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯುವುದು ವಿವೇಕ. ಕಲಿತ ವಿದ್ಯೆ ವ್ಯರ್ಥವಾಗದು, ನಿಜ. ಆದರೆ ಎಣಿಕೆಗೆ ಬಾರದೆ ಹೋದ ವರ್ಷವನ್ನು ಯಾರೂ ಹಿಂದಿರುಗಿಸಲಾರರು.