ನಂದಬಟ್ಟಲಿನ ಹಸಿರು ಪತಂಗ

ನಂದಬಟ್ಟಲು ಬೆಳೆಸಿದವರಿಗೆಲ್ಲ ಈ ದೂರು ಗೊತ್ತಿರುತ್ತದೆ. ಮೊನ್ನೆ ಮೈತುಂಬ ಎಲೆಯಿದ್ದ ಟೊಂಗೆ ಇಂದು ಬರೀ ಕಡ್ಡಿ. ಮೇಯ್ದ ಹುಳು ಮಾತ್ರ ಕಣ್ಣಿಗೆ ಬೀಳದು. ಗಿಡ ತಡಕುವ ಮುಂಚೆ ನೆಲ ನೋಡಿ. ಮೆಣಸಿನ ಕಾಳಿಗಿಂತ ದಪ್ಪನೆಯ, ಉದ್ದುದ್ದ ಗೀರುಗಳಿರುವ ಹಿಕ್ಕೆ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ಹುಡುಕಿ. ಬೆರಳುದ್ದದ ಹಸಿರು ಹುಳು ಅಲ್ಲೇ ಕಚ್ಚಿಕೊಂಡಿರುತ್ತದೆ.

ಇದು ಕಣಗಿಲೆ ಪತಂಗದ ಮರಿ. 1758ರಲ್ಲೇ ಲಿನೇಯಸ್ ಇದನ್ನು ದಾಖಲಿಸಿದ. ಈಗಿನ ಶಾಸ್ತ್ರೀಯ ಹೆಸರು ಡ್ಯಾಫ್ನಿಸ್ ನೀರಿಯೈ. ಕಣಗಿಲೆ ಎಲೆಯ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಮೇಯ್ದ ದನ ಸಾಯುವುದೂ ಉಂಟು. ಈ ಹುಳುವಿಗೆ ಅದೇ ಊಟ. ನಮ್ಮ ಕೈತೋಟಗಳಲ್ಲಿ ಅದೇ ಕುಟುಂಬದ ನಂದಬಟ್ಟಲಿನ ಮೇಲೂ ಧಾರಾಳವಾಗಿ ಸಿಗುತ್ತದೆ.

ಹುಳುವನ್ನು ಸ್ವಲ್ಪ ಕೆಣಕಿ ನೋಡಿ. ತಲೆಯನ್ನು ಒಳಗೆಳೆದುಕೊಂಡು ಮುಂಭಾಗ ಉಬ್ಬಿಸುತ್ತದೆ. ಅಲ್ಲಿಯವರೆಗೆ ಮಡಿಕೆಯಲ್ಲಿ ಅಡಗಿದ್ದ ಎರಡು ನೀಲಿ ಬೊಟ್ಟುಗಳು, ಕಪ್ಪು ಅಂಚಿನೊಡನೆ, ದಿಟ್ಟಿಸುವ ಕಣ್ಣುಗಳಂತೆ ಹೊರಬೀಳುತ್ತವೆ. ನಿಜವಾದ ಕಣ್ಣುಗಳೋ, ಕೆಳಗಿನ ಪುಟ್ಟ ತಲೆಯಲ್ಲಿ ಚುಕ್ಕಿಗಳಷ್ಟೇ. ಬಾಲದ ಕೊಂಬು ಕಂಡು ಹೆದರುವವರೇ ಹೆಚ್ಚು. ಅದು ಮೆತ್ತಗಿನದು, ಕುಟುಕುವುದಿಲ್ಲ. ಮೈಮೇಲೆ ತುರಿಕೆಯ ರೋಮವೂ ಇಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಮುಂದಿನ ಘಟ್ಟ. ತಿಂದು ಬಲಿತ ಹುಳುವಿನ ಹಸಿರು ಬೆನ್ನು ಕಂದತೊಡಗುತ್ತದೆ. ರೋಗ ಬಂತೆಂದು ಸಾಕಿದವರು ಗಾಬರಿಯಾಗುತ್ತಾರೆ. ರೋಗವಲ್ಲ, ಪ್ರಯಾಣದ ಸಿದ್ಧತೆ! ಇನ್ನು ಅದು ಇಳಿಯಬೇಕಾದದ್ದು ಮಣ್ಣಿಗೆ, ತರಗೆಲೆಗೆ. ಅಲ್ಲಿ ಹಸಿರು ಮೈ ಹಕ್ಕಿಗೆ ಎದ್ದು ಕಾಣುತ್ತದೆ. ಹಾಗಾಗಿ ಹೋಗುವ ಜಾಗದ ಬಣ್ಣವನ್ನು ಗಿಡದ ಮೇಲೇ ತೊಟ್ಟುಕೊಂಡು ಹೊರಡುತ್ತದೆ. ತರಗೆಲೆಯಡಿ ಒಂದಿಷ್ಟು ನೂಲು ನೇಯ್ದು ಕಂದು ಕೋಶವಾಗುತ್ತದೆ. ಗಿಡದ ಬುಡ ದಿನವೂ ಗುಡಿಸಿ ಒಪ್ಪ ಮಾಡುವ ನಮ್ಮ ಶಿಸ್ತಿಗೆ ಎಷ್ಟೋ ಕೋಶಗಳು ಬಲಿ. ಔಷಧಿ ಹೊಡೆಯುವುದಂತೂ ಬೇಡವೇ ಬೇಡ, ಬೋಳಾದ ನಂದಬಟ್ಟಲು ತಾನಾಗಿಯೇ ಚಿಗುರುತ್ತದೆ.

ಸೆಖೆಯ ದಿನಗಳಾದರೆ ಎರಡು ವಾರದ ಆಸುಪಾಸಿನಲ್ಲಿ ಪತಂಗ ಹೊರಬರುತ್ತದೆ. ಮತ್ತೆ ಹಸಿರು, ನಡುವೆ ಗುಲಾಬಿ, ಬಿಳಿಯ ಅಲೆಗೆರೆಗಳು. ರೆಕ್ಕೆ ಬಿಚ್ಚಿದರೆ ಸುಮಾರು 10 ಸೆಂಟಿಮೀಟರ್ ಅಗಲ. ಹಗಲೆಲ್ಲ ಎಲೆಗಳ ನಡುವೆ ಕದಲದೆ ಕೂತು, ಮುಸ್ಸಂಜೆಗೆ ಗಡಗಡ ನಡುಗತೊಡಗುತ್ತದೆ. ಚಳಿಗಲ್ಲ, ಹಾರುವ ಸ್ನಾಯುಗಳನ್ನು ಕಾಯಿಸಿಕೊಳ್ಳಲು. ಆಮೇಲೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ಸೊಂಡಿಲು ಚಾಚಿ ಮಕರಂದ ಹೀರುತ್ತದೆ.

ಹಾರಾಟದಲ್ಲಿ ಇದು ಗಟ್ಟಿಗ. ಬೇಸಿಗೆಯಲ್ಲಿ ಆಫ್ರಿಕಾ ಕಡೆಯಿಂದ ಸಮುದ್ರ ದಾಟಿ ಯೂರೋಪಿಗೆ ಹೋಗುತ್ತದೆ, ಕೆಲವೊಮ್ಮೆ ಬ್ರಿಟನ್ನಿನವರೆಗೂ. ದಾರಿಯಲ್ಲಿ ಕಣಗಿಲೆ ಸಿಕ್ಕಲ್ಲಿ ಮೊಟ್ಟೆಯನ್ನೂ ಇಡುತ್ತದೆ. ಆದರೆ ಉತ್ತರದ ಚಳಿಗಾಲವನ್ನು ಆ ಸಂತತಿ ತಡೆಯಲಾರದು. ಮುಂದಿನ ಬೇಸಿಗೆಗೆ ದಕ್ಷಿಣದಿಂದ ಹೊಸ ಪತಂಗಗಳೇ ಹೋಗಬೇಕು.