ಚಾಳೀಸು ಮತ್ತು ನಮ್ಮ ಹಿರಿಯರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಯಸ್ಸಾದವರ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸೆಂಬ ಹೆಸರುಂಟು. ನಲವತ್ತೆಂಬ ಅರ್ಥದ ಉತ್ತರದೇಶದ ಮಾತೇ ಅದರ ಮೂಲ. ನಮ್ಮ ತಮಿಳು ನೆರೆಯವರು ಅದೇ ಕುಂದನ್ನು ‘ವೆಳ್ಳೆಳುತ್ತು’, ಎಂದರೆ ಬಿಳಿಯ ಅಕ್ಷರ, ಎನ್ನುತ್ತಾರೆ. ಒಂದು ನುಡಿ ವಯಸ್ಸನ್ನು ಕಂಡಿತು, ಇನ್ನೊಂದು ಮಾಸಿದ ಅಕ್ಷರವನ್ನು ಕಂಡಿತು; ಎರಡೂ ನಿಜವೇ. ಕಣ್ಣಿನೊಳಗಣ ಮಸೂರವು ವರ್ಷ ಕಳೆದಂತೆ ಬಿರುಸಾಗಿ, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಬೇಕಾದಷ್ಟು ಉಬ್ಬಲಾರದು. ಇದು ರೋಗವಲ್ಲ. ತಕ್ಕ ಗಾಜೊಂದು ಮೂಗಿನ ಮೇಲೇರಿದರೆ ತೀರಿತು.

ಆದರೂ ನಮ್ಮ ಮನೆಗಳಲ್ಲಿ ಆಗುವುದೇನು? ಅಜ್ಜಿ ಸೂಜಿಗೆ ದಾರ ಪೋಣಿಸಲು ಮೊಮ್ಮಗುವನ್ನು ಕರೆಯುವಳು. ತಾತ ಸದ್ದಿಲ್ಲದೆ ಓದುವುದನ್ನೇ ಬಿಡುವನು. ‘ವಯಸ್ಸಾಯಿತಲ್ಲ’ ಎಂದು ನಾವೂ ಸುಮ್ಮನಾಗುವೆವು. ಈ ಸೀಮೆಯ ಎಷ್ಟೋ ಕುಟುಂಬಗಳಲ್ಲಿ ಕನ್ನಡದ ಅಕ್ಷರವನ್ನು ಸಲೀಸಾಗಿ ಓದಬಲ್ಲವರು ಹಿರಿಯರೇ. ಅವರ ಕಣ್ಣು ಮಬ್ಬಾದರೆ ಮನೆಯ ಕನ್ನಡ ಪುಸ್ತಕವೂ ಮುಚ್ಚಿಕೊಳ್ಳುವುದು. ಮಗ್ಗದಲ್ಲಿ ಕಡಿದ ಎಳೆಯನ್ನು ಹುಡುಕುವ ನಮ್ಮ ದೇವಾಂಗ ಬಂಧುಗಳಿಗಂತೂ ಇದು ಅನ್ನದ ಪ್ರಶ್ನೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನಡೆಸಿದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆಯದವರಿಗಿಂತ ಅವರ ದುಡಿಮೆ ಶೇಕಡ 20ಕ್ಕೂ ಮೀರಿ ಹೆಚ್ಚಿತ್ತು.

ಪೊರೆಯ ಮಾತು ಬೇರೆ. ಅಲ್ಲಿ ಮಸೂರವೇ ಮಂಜಾಗುವುದರಿಂದ ಚಾಳೀಸು ಸಾಲದು, ಶಸ್ತ್ರಚಿಕಿತ್ಸೆಯೇ ಬೇಕು. ಕನ್ನಡನಾಡಿನಲ್ಲಿ ಡಾಕ್ಟರ್ ಮೋದಿಯವರು ಊರೂರು ತಿರುಗಿ ಶಿಬಿರ ನಡೆಸಿದ ಕಾಲದಲ್ಲಿ, ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕವನ್ನೇ ನಂಬಿರಬೇಕಿತ್ತು. ಅದು ಒಡೆದರೆ ಮತ್ತೆ ಕತ್ತಲೆ. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನಿಡುತ್ತಾರೆ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದ ಡಾಕ್ಟರ್ ಜಿ. ವೆಂಕಟಸ್ವಾಮಿಯವರು ಸರಕಾರಿ ಸೇವೆಯಿಂದ ನಿವೃತ್ತರಾಗಿ, 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳಿಂದ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಆರಂಭಿಸಿದರು. ಅದರ ಶಾಖೆ 1985ರಲ್ಲಿ ನಮ್ಮ ತೇನಿಗೂ ಬಂದಿತು. 1992ರಲ್ಲಿ ಅದೇ ಬಳಗದ ಆರೋಲ್ಯಾಬ್ ಸ್ಥಾಪನೆಯಾಗಿ, ಕೃತಕ ಮಸೂರವು ಬಡವರ ಕೈಗೂ ಎಟುಕುವಂತಾಯಿತು. ಇಷ್ಟು ಸಮೀಪದಲ್ಲಿ ಇಂತಹ ಅನುಕೂಲವಿರುವಾಗ ಹಿರಿಯರನ್ನು ಮೂಲೆಯಲ್ಲಿ ಕೂರಿಸುವುದು ನನಗೆ ಸರಿಯೆನಿಸದು.

ಸಂತೆಯಲ್ಲಿ ಕೊಂಡ ಕನ್ನಡಕದಿಂದ ಅಕ್ಷರ ಕಂಡೀತು. ಆದರೆ ಗ್ಲಾಕೋಮಾವಾಗಲಿ ಸಿಹಿಮೂತ್ರದಿಂದ ಅಕ್ಷಿಪಟಲಕ್ಕೆ ತಗಲಿದ ಕೇಡಾಗಲಿ ಅದರಿಂದ ತಿಳಿಯದು. ಗ್ಲಾಕೋಮಾ ಬಹುಮಟ್ಟಿಗೆ ನೋವಿಲ್ಲದೆ ಬರುವುದು. ಅದರಿಂದ ಹೋದ ದೃಷ್ಟಿ ಮರಳದು. ಆದುದರಿಂದ ಕನ್ನಡಕದ ಅಂಗಡಿಗೆ ಮುಂಚೆ ವೈದ್ಯರಲ್ಲಿಗೆ ನಡೆಯಿರಿ. ಸಿಹಿಮೂತ್ರವುಳ್ಳವರು ವರ್ಷಕ್ಕೊಮ್ಮೆಯಾದರೂ ತಪ್ಪದೆ ಹೋಗಬೇಕು. ಹಳೆಯ ಕನ್ನಡಕವನ್ನೂ, ಸೇವಿಸುತ್ತಿರುವ ಔಷಧಗಳ ಚೀಟಿಯನ್ನೂ ಜತೆಗೆ ಒಯ್ಯಿರಿ. ಹನಿ ಹಾಕಿ ಪಾಪೆಯನ್ನು ಅಗಲಿಸಿದರೆ ಕೆಲವು ಗಂಟೆಗಳ ಕಾಲ ನೋಟ ಮಬ್ಬಾಗಿರುವುದು. ಮರಳಿ ಬರುವಾಗ ಬಸ್ಸು ಹತ್ತಿಸಲು ಮನೆಯವರೊಬ್ಬರು ಸಂಗಡವಿರಲಿ.