‘ಆಯ್ತು’ ಎಂದರೆ ಏನು?

ಕೆಲಸದ ಮೇಲೆ ಪರದೇಶಕ್ಕೆ ಹೊರಟವರಿಗೆ ನಮ್ಮಲ್ಲಿ ಬುದ್ಧಿವಾದಕ್ಕೆ ಬರವಿಲ್ಲ. ಚಳಿಗೆ ಉಣ್ಣೆಯ ಬಟ್ಟೆ ಇಟ್ಟುಕೋ, ಚಟ್ನಿಪುಡಿಯ ಡಬ್ಬಿ ಮರೆಯಬೇಡ, ಇಂಗ್ಲಿಷನ್ನು ನಿಧಾನವಾಗಿ ಮಾತನಾಡು, ಹೀಗೆ. ಆದರೆ ಅಲ್ಲಿಯವರು ‘ಹೌದು’ ಎಂದರೆ ಅದು ನಮ್ಮ ‘ಹೌದು’ ಆಗಿರಲಾರದು, ನಾವು ‘ಆಗಲಿ’ ಎಂದರೆ ಅವರಿಗೆ ಬೇರೇನೋ ಕೇಳಿಸೀತು ಎಂದು ಎಚ್ಚರಿಸಿ ಕಳುಹಿಸುವವರು ವಿರಳ. ನನಗೂ ಯಾರೂ ಹೇಳಿರಲಿಲ್ಲ. ಆ ಪಾಠವನ್ನು ನಾನು ಒಮ್ಮೆ ಜಪಾನಿನಲ್ಲಿ, ಇನ್ನೊಮ್ಮೆ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಲಿತೆ. ಎರಡನೆಯ ಸಲ ಅದರ ಶುಲ್ಕವನ್ನು ತೆತ್ತವನು ನಾನಲ್ಲ, ಒಬ್ಬ ರೈತ.

ನಮ್ಮ ಸೀಮೆಗೂ ಜಪಾನಿಗೂ ಹಳೆಯ ನಂಟು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ, ಆ ಜನ ದುಡಿಯುವ ಬಗೆಯನ್ನು ಕಣ್ಣಾರೆ ಕಂಡು ಬಂದರು. ಸುಮಾರು ಅದೇ ಕಾಲದಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಕ್ರಮದ ರೇಷ್ಮೆ ತೋಟವೊಂದನ್ನು ತೆರೆದರು. ಆ ತೋಟ ಹೋಗಿ ಬಡಾವಣೆಯಾದರೂ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಉಳಿದಿದೆ. ಮುಂದೆ 1991ರಿಂದ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ತಜ್ಞರು ನಮ್ಮ ವಿಜ್ಞಾನಿಗಳೊಡನೆ ಸೇರಿ ದ್ವಿತಳಿ ರೇಷ್ಮೆಯನ್ನು ಇಲ್ಲಿಯ ಹವೆಗೆ ಒಗ್ಗಿಸುವ ಕಾರ್ಯಕ್ಕೆ ಕೈಹಾಕಿದರು. ನಾನು ಬೆಳೆದದ್ದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹರಾಜಿನ ಕೂಗು ಕೇಳುತ್ತ. ಉದ್ಯೋಗವೂ ರೇಷ್ಮೆಯದೇ ಆಯಿತು. ಆ ದೆಸೆಯಿಂದಲೇ ಕೆಲವು ತಿಂಗಳ ತರಬೇತಿಗಾಗಿ ಜಪಾನಿಗೆ ಹೋದೆ.

ತರಬೇತಿಯ ಕೊನೆಯ ವಾರದಲ್ಲಿ ಊರಿನಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು. ಒಂದು ವಾರ ಮೊದಲೇ ಹೊರಡಲು ಅಪ್ಪಣೆ ಬೇಕೆಂದು ಹಿರಿಯ ಬೋಧಕರನ್ನು ಕೇಳಿದೆ. ನಾನು ಮಾತನಾಡುವಷ್ಟು ಹೊತ್ತೂ ಅವರು ತಲೆಯಾಡಿಸುತ್ತ ‘ಹಾಯ್, ಹಾಯ್’ ಎನ್ನುತ್ತಿದ್ದರು. ಆ ಭಾಷೆಯಲ್ಲಿ ಅದು ‘ಹೌದು’ ಎಂಬ ಮಾತು ಎಂದು ನಿಘಂಟಿನಲ್ಲಿ ಓದಿದ್ದೆ. ಕೊನೆಗೆ ಅವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ತಲೆಯನ್ನು ಓರೆಮಾಡಿ, “ಸ್ವಲ್ಪ ಕಷ್ಟ” ಎಂದರು. ನಮ್ಮ ಕಚೇರಿಗಳಲ್ಲಿ ‘ಕಷ್ಟ’ ಎಂದರೆ ಇನ್ನೊಮ್ಮೆ ಬಂದು ಕೇಳು ಎಂದರ್ಥ. ನಾನು ಬರುತ್ತೇನೆಂದು ಮನೆಗೆ ಕಾಗದ ಬರೆದುಬಿಟ್ಟೆ. ಟಿಕೆಟ್ಟಿನ ಮಾತೆತ್ತಿದಾಗ ಅವರ ಮುಖ ಕೆಂಪೇರಿತು. ಅವರು ಅಂದೇ ‘ಆಗದು’ ಎಂದು ಹೇಳಿಯಾಗಿತ್ತು, ನನಗೆ ನೋವಾಗದಂತೆ ಹೇಳಿದ್ದರು. ‘ಹಾಯ್’ ಎಂದದ್ದು ನನ್ನ ಮಾತು ಕಿವಿಗೆ ಬೀಳುತ್ತಿದೆ ಎಂಬುದಕ್ಕೆ, ಒಪ್ಪಿಗೆಗೆ ಅಲ್ಲ. ಧಾರೆಯ ಹೊತ್ತಿಗೂ ತಾಯಿ ಬಾಗಿಲ ಕಡೆ ನೋಡುತ್ತಿದ್ದರಂತೆ.

ಅಲ್ಲಿ ನಾನು ಇನ್ನೊಂದು ಮಾತನ್ನೂ ಕಲಿತೆ, ‘ನೆಮವಾಷಿ’. ಬೆಳೆದ ಮರವನ್ನು ಬೇರೆಡೆಗೆ ಒಯ್ದು ನೆಡುವ ಮುನ್ನ ಬೇರಿನ ಸುತ್ತ ಅಗೆದು ಅದನ್ನು ಅಣಿಗೊಳಿಸುವುದಕ್ಕೆ ತೋಟಗಾರರು ಹೇಳುವ ಮಾತು ಅದು. ಕಚೇರಿಯಲ್ಲಿ ಅದರ ಅರ್ಥ, ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಅವರ ಅಭಿಪ್ರಾಯ ತಿಳಿದುಕೊಳ್ಳುವುದು. ಹಾಗೆ ಮಾಡಿದರೆ ಸಭೆಯಲ್ಲಿ ಯಾರೂ ‘ಆಗದು’ ಎಂದು ಎದುರು ನಿಲ್ಲಬೇಕಾಗುವುದಿಲ್ಲ. ನಾವು ಸಭೆಯಲ್ಲಿ ಮೌನವಾಗಿದ್ದು ಹೊರಗೆ ಬಂದ ಮೇಲೆ ಜಗಲಿಯಲ್ಲಿ ಆಡುವ ಮಾತನ್ನು ಅವರು ಮೊದಲೇ ಆಡಿ ಮುಗಿಸುತ್ತಾರೆ.

ಇಷ್ಟು ಕಲಿತು ಬಂದವನೆಂಬ ಹೆಮ್ಮೆ ನನಗಿತ್ತು. ಊರಿಗೆ ಮರಳಿದ ಮೇಲೆ, ಇಲ್ಲಿಗೆ ಬಂದಿದ್ದ ಒಬ್ಬ ಜಪಾನೀ ತಜ್ಞರೊಡನೆ ದುಭಾಷಿಯಾಗಿ ಹಳ್ಳಿಗಳಿಗೆ ಹೋಗುತ್ತಿದ್ದೆ. ಈಗ ಪರದೇಶದಲ್ಲಿ ದುಡಿಯುತ್ತಿದ್ದವರು ಅವರು. ಚಿಂತಾಮಣಿಯ ಕಡೆಯ ಒಬ್ಬ ವಯಸ್ಸಾದ ರೈತರು ಮೊದಲ ಬಾರಿಗೆ ನೂರು ಮೊಟ್ಟೆ ದ್ವಿತಳಿ ಸಾಕಲು ಒಪ್ಪಿದ್ದರು. ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ತತ್ತಿಗಳ ಲೆಕ್ಕ. ನೂರು ಮೊಟ್ಟೆ ಚೆನ್ನಾಗಿ ಬಂದರೆ ಐವತ್ತು ಅರವತ್ತು ಕಿಲೋ ಗೂಡು. ಈ ತಳಿಗೆ ರೋಗ ಬಲುಬೇಗ ತಗಲುತ್ತದೆ. ಮರಿಗಳನ್ನು ಮನೆಗೆ ತರುವ ಮುನ್ನ ಗೋಡೆ, ನೆಲ, ತಟ್ಟೆಗಳಿಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಹೊಡೆಯಲೇಬೇಕು.

“ಹೊಡೆದಿದ್ದಾರೆಯೇ?” ಎಂದು ತಜ್ಞರು ಕೇಳಿದರು. ತಂದೆಯ ವಯಸ್ಸಿನವರನ್ನು ‘ಮಾಡಿದಿರಾ ಇಲ್ಲವಾ’ ಎಂದು ಹೇಗೆ ಕೇಳಲಿ? ಮಾತನ್ನು ಮೆತ್ತಗೆ ಮಾಡಿ, “ಮನೆಗೆ ಔಷಧಿ ಹೊಡೀಬೇಕಲ್ಲ, ಯಜಮಾನರೇ?” ಎಂದೆ. ಅವರು ಕೈಮುಗಿದು, “ಆಯ್ತು ಸ್ವಾಮಿ” ಎಂದರು. ‘ಆಗಿದೆ’ ಎಂದು ನಾನು ತಜ್ಞರಿಗೆ ತಿಳಿಸಿದೆ. ಅವರು ಕಾಗದದಲ್ಲಿ ಗುರುತು ಹಾಕಿಕೊಂಡರು.

ನಮ್ಮ ‘ಆಯ್ತು’ ಎಷ್ಟು ಜಾಣ ಮಾತು ನೋಡಿ. ಮುಗಿದ ಕೆಲಸಕ್ಕೂ ಆಯ್ತು, ಇನ್ನು ಮಾಡಬೇಕಾದದ್ದಕ್ಕೂ ಆಯ್ತು, ಮಾಡಲಾಗದ್ದನ್ನು ಹೇಳಲು ನಾಚಿಕೆಯಾದಾಗಲೂ ಆಯ್ತು. ಆ ವಾರ ಪುಡಿ ತರಲು ಅವರ ಕೈಯಲ್ಲಿ ಕಾಸಿರಲಿಲ್ಲ. ದೂರದ ದೇಶದಿಂದ ಬಂದ ಅತಿಥಿಯ ಎದುರು ಅದನ್ನು ಹೇಳಿಕೊಳ್ಳುವುದು ಹೇಗೆ? ಹುಳುಗಳು ನಾಲ್ಕನೆಯ ಜ್ವರ ಎದ್ದು, ಇನ್ನು ಆರೇಳು ದಿನದಲ್ಲಿ ಹಣ್ಣಾಗಿ ಚಂದ್ರಿಕೆ ಹತ್ತಬೇಕು ಎನ್ನುವಾಗ ಹಾಲುರೋಗ ಬಂತು. ಮೈ ಊದಿ, ಚರ್ಮ ಒಡೆದು, ಹಾಲಿನಂಥ ರಸ ಸೋರಿ ಸತ್ತ ಹುಳುಗಳನ್ನು ಆತನ ಮನೆಯವರು ಮೊರದಲ್ಲಿ ತುಂಬಿ ಗುಂಡಿಗೆ ಹಾಕುತ್ತಿದ್ದುದನ್ನು ನಾನು ನಿಂತು ನೋಡಿದೆ.

ಆ ಮನೆಯ ಮಾತು ತೆಲುಗು. ಗಡಿಯ ಈ ಸೀಮೆಯಲ್ಲಿ ಒಂದೇ ಜಗಲಿಯ ಮೇಲೆ ಎರಡು ಭಾಷೆ ಕೂತಿರುತ್ತವೆ. ನನಗೂ ತೆಲುಗು ಬರುತ್ತದೆ. ಮನೆಮಾತಿನಲ್ಲಿ ಕೇಳಿದ್ದರೆ, ಮಾಡುತ್ತೇನೆ ಎನ್ನಲು ಅವರು ‘ಅಟ್ಲೇ’ ಎನ್ನುತ್ತಿದ್ದರು, ಮಾಡಿ ಮುಗಿದಿದ್ದರೆ ‘ಅಯಿಪೋಯಿಂದಿ’ ಎನ್ನುತ್ತಿದ್ದರು. ಎರಡಕ್ಕೂ ಬೇರೆ ಬೇರೆ ಮಾತು. ಆದರೆ ನಾನು ಅಧಿಕಾರಿಯ ಕನ್ನಡದಲ್ಲಿ ಕೇಳಿದೆ, ಅವರು ಪ್ರಜೆಯ ಕನ್ನಡದಲ್ಲಿ ಉತ್ತರಿಸಿದರು.

ಗೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸರು ಒಂದೇ ಕಂಪನಿಯ ಹಲವು ದೇಶಗಳ ನೌಕರರ ಉತ್ತರಗಳನ್ನು ಹೋಲಿಸಿ 1980ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮೇಲಿನವರಿಗೂ ಕೆಳಗಿನವರಿಗೂ ನಡುವಣ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬ ಅವರ ಅಳತೆಯಲ್ಲಿ ಅಮೆರಿಕಕ್ಕೆ 40, ಜಪಾನಿಗೆ 54, ಭಾರತಕ್ಕೆ 77. ಅಂಕೆಗಳಿಂದ ಮನುಷ್ಯನನ್ನು ಅಳೆಯಲಾಗದು, ನಿಜ. ಆದರೂ ಕೈಮುಗಿದು ಹೇಳಿದ ಆ ‘ಆಯ್ತು’ ಎಲ್ಲಿಂದ ಬಂತೆಂಬುದನ್ನು ಆ 77 ಸ್ವಲ್ಪ ತಿಳಿಸುತ್ತದೆ.

ಈ ಅಂತರವನ್ನು ಕಡಿಮೆ ಮಾಡಲು ಹೆಣಗಿದವರೊಬ್ಬರು ನಮ್ಮವರೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1960ರಲ್ಲಿ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮರಳಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಖಾದಿಯನ್ನೂ ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ಎಷ್ಟೇ ದೊಡ್ಡವರು ಹೇಳಿದರೂ ಕೇಳಿ, ಪರೀಕ್ಷಿಸಿ, ಆಮೇಲೆ ಒಪ್ಪಬೇಕೆಂದು ಹುಡುಗರಿಗೆ ಕಲಿಸಿದರು. ಪ್ರಶ್ನೆ ಕೇಳಿದ ಹುಡುಗನನ್ನು ಉದ್ಧಟನೆನ್ನದ ಮೇಷ್ಟರು ಇದ್ದಲ್ಲಿ ಮಾತ್ರ, ನಾಳೆ ಪರದೇಶದಲ್ಲಿ ಮೇಲಧಿಕಾರಿಯ ಮುಂದೆ ‘ನನಗೆ ಅರ್ಥವಾಗಲಿಲ್ಲ’ ಎನ್ನಬಲ್ಲ ಎಂಜಿನಿಯರು ಬೆಳೆದಾನು.

ಇಂದು ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳೂ ಹೊರದೇಶಗಳಿಗೆ ದುಡಿಯಲು ಹೋಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಕೆಳಗಿದ್ದಾಗ, ಆಗದ್ದನ್ನು ಆಗದೆಂದು ಆ ದೇಶ ಯಾವ ರೀತಿ ಹೇಳುತ್ತದೆಂದು ಮೊದಲು ಕಲಿಯಿರಿ. ಮೇಲಿದ್ದಾಗ, ‘ಆಯ್ತು’ ಎಂಬ ಒಂದೇ ಮಾತಿನಿಂದ ಮುಗಿದುಹೋಗುವ ಪ್ರಶ್ನೆ ಕೇಳಬೇಡಿ. ‘ಹೇಗೆ ಮಾಡಿದಿರಿ, ತೋರಿಸಿ’ ಎನ್ನಿ, ‘ಏನು ಅಡ್ಡಿಯಾಯಿತು’ ಎನ್ನಿ. ‘ಇಲ್ಲ’ ಎಂದವನ ಮೇಲೆ ಮುನಿಯಬೇಡಿ.

ಬೆಳೆ ಹೋದ ಕೆಲವು ದಿನಗಳ ಮೇಲೆ ನಾನು ಆ ರೈತರ ಮನೆಗೆ ಒಬ್ಬನೇ ಹೋಗಿ, ತಪ್ಪು ನನ್ನದೆಂದು ತೆಲುಗಿನಲ್ಲಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಅನ್ನೋದಕ್ಕೆ ನಮಗೆ ಬಾಯಿ ಬರಲಿಲ್ಲ ಸ್ವಾಮಿ” ಎಂಬರ್ಥದ ಮಾತಾಡಿದರು. ಮುಂದಿನ ಬೆಳೆಗೆ ಕರೆದಾಗ, ನಾನು ಏನನ್ನೂ ಕೇಳುವ ಮುನ್ನವೇ ಬಾಗಿಲು ತೆಗೆದು ನಿಂತರು. ಒಳಗಿನಿಂದ ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು.